ಕಟ್ಟಡ ಕಂತ್ರಾಟುದಾರನ ಪರವಾನಗಿ ಪರೀಕ್ಷೆ: ಕ್ಯಾಲಿಫೋರ್ನಿಯದಲ್ಲಿ ಕಂಡ ಒಂದು ಅಭ್ಯಾಸಕ್ರಮ

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ ಸಂತೋಷವೂ ಅಳುಕೂ ಒಟ್ಟಿಗೇ ಆದವು. ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನಿಗೆ ಸುಣ್ಣ, ಸಿಮೆಂಟು, ಕಬ್ಬಿಣದ ಮಾತುಗಳಲ್ಲದೆ ಬೇರೇನು ತಿಳಿದೀತು? ಆದರೂ ಈ ಸಂಚಿಕೆಯನ್ನು ಓದುವವರಲ್ಲಿ ಅಧ್ಯಾಪಕರಿದ್ದಾರೆ, ಇಂಜಿನಿಯರುಗಳೂ ಕಂತ್ರಾಟುದಾರರೂ ಆಗಿರುವ ಹಳೆಯ ವಿದ್ಯಾರ್ಥಿಗಳಿದ್ದಾರೆ, ಕೊಠಡಿಗಳ ನಿರ್ಮಾಣಕ್ಕೆಂದು ಹಣವನ್ನಿತ್ತ ದಾನಿಗಳೂ ಇದ್ದಾರೆ. ಕಟ್ಟಡವೊಂದಕ್ಕೆ ಹಣ ಕೊಟ್ಟವನಿಗೂ ಅದನ್ನು ಕಟ್ಟುವವನಿಗೂ ನಡುವೆ ಇರುವ ಸಂಬಂಧವನ್ನು ಕುರಿತು ಒಂದು ದೂರದ ರಾಜ್ಯ ಏನನ್ನು ಕಲಿಸುತ್ತದೆ, ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ತಿಳಿಸಿದರೆ ಇವರೆಲ್ಲರಿಗೂ ಅಪ್ರಸ್ತುತವಾಗಲಾರದೆಂದು ನಂಬಿ ಈ ಬರೆಹಕ್ಕೆ ತೊಡಗಿದ್ದೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಂತ್ರಾಟುದಾರರ ಪರವಾನಗಿ ಕೇಂದ್ರ ಸರಕಾರದ ವಿಷಯವಲ್ಲ. ಪ್ರತಿಯೊಂದು ರಾಜ್ಯವೂ ತನಗೆ ತೋಚಿದಂತೆ ನಡೆದುಕೊಳ್ಳುತ್ತದೆ. ಉತ್ತರ ಕ್ಯಾರೊಲಿನ ರಾಜ್ಯವು 1925ರಷ್ಟು ಹಿಂದೆಯೇ ಇದಕ್ಕೆ ಶಾಸನ ಮಾಡಿತು. ಟೆಕ್ಸಸ್ ರಾಜ್ಯದಲ್ಲಿ ಸಾಮಾನ್ಯ ಕಂತ್ರಾಟುದಾರನಿಗೆ ರಾಜ್ಯಮಟ್ಟದ ಪರವಾನಗಿಯೇ ಇಲ್ಲ. ಕ್ಯಾಲಿಫೋರ್ನಿಯದಲ್ಲಿ 1929ರಲ್ಲಿ ಪರವಾನಗಿ ಕಚೇರಿ ಸ್ಥಾಪಿತವಾಯಿತು. 1938ರಲ್ಲಿ ಅರ್ಜಿದಾರನನ್ನು ಪರೀಕ್ಷಿಸಿಯೇ ಪರವಾನಗಿ ಕೊಡತಕ್ಕದ್ದೆಂದು ವಿಧಾನ ಮಂಡಲ ಕಡ್ಡಾಯಗೊಳಿಸಿತು. ಇಂದು ಆ ಕೆಲಸವನ್ನು ಸ್ಯಾಕ್ರಮೆಂಟೊ ನಗರದಲ್ಲಿರುವ ರಾಜ್ಯ ಕಂತ್ರಾಟುದಾರರ ಪರವಾನಗಿ ಮಂಡಳಿ ನಡೆಸುತ್ತಿದೆ. ಈ ಮಂಡಳಿಯು ಆ ರಾಜ್ಯದ ಬಳಕೆದಾರರ ಹಿತ ಕಾಯುವ ಇಲಾಖೆಗೆ ಸೇರಿದುದೇ ಹೊರತು ಲೋಕೋಪಯೋಗಿ ಇಲಾಖೆಗೆ ಸೇರಿದುದಲ್ಲ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಪರೀಕ್ಷೆಯ ಸ್ವರೂಪವೆಲ್ಲವೂ ಈ ಒಂದು ಸಂಗತಿಯಿಂದ ಹೊರಡುತ್ತದೆ. ಅದು ತಿಳಿಯದೆ ಓದಲು ಕುಳಿತವನು ಎಡವುತ್ತಾನೆ.

ಹಾಗೆ ಎಡವಿದವನು ನನ್ನ ಅಕ್ಕನ ಮಗ. ನಮ್ಮಲ್ಲಿಯೇ ಬಿ.ಇ. ಮುಗಿಸಿ, ಆ ದೇಶಕ್ಕೆ ಹೋಗಿ, ಒಬ್ಬ ಕಂತ್ರಾಟುದಾರನ ಕೈಕೆಳಗೆ ಎಂಟು ವರ್ಷ ಕೆಲಸದ ಮೇಲ್ವಿಚಾರಣೆ ಮಾಡಿದವನು. ಸ್ವಂತ ಹೆಸರಿನಲ್ಲಿ ಕೆಲಸ ಹಿಡಿಯಬೇಕೆಂಬ ಹಂಬಲದಿಂದ, ಪರವಾನಗಿ ಕೈಗೆ ಬರುವ ಮೊದಲೇ ಇದ್ದ ನೌಕರಿಯನ್ನು ಬಿಟ್ಟಿದ್ದ. ಎರಡು ಪತ್ರಿಕೆಗಳಲ್ಲಿ ವೃತ್ತಿಯ ಪತ್ರಿಕೆಯಲ್ಲಿ ತೇರ್ಗಡೆಯಾಗಿ, ಕಾನೂನು ಮತ್ತು ವ್ಯವಹಾರದ ಪತ್ರಿಕೆಯಲ್ಲಿ ನಪಾಸಾಗಿದ್ದ. ನಾನು ಅಕ್ಕನೊಡನೆ ಆತನ ಮನೆಗೆ ಹೋದದ್ದು ಆಗ. ಮನೆಯ ಕಂತು ಕಟ್ಟಬೇಕು, ಎರಡು ಮಕ್ಕಳ ಖರ್ಚು ನೋಡಬೇಕು, ಸೊಸೆಯೊಬ್ಬಳ ಸಂಬಳದಿಂದಲೇ ಎಲ್ಲವೂ ಸಾಗಬೇಕು. ಅಕ್ಕ ಬಾಯಿಬಿಟ್ಟು ಏನೂ ಹೇಳದಿದ್ದರೂ ಆಕೆಯ ಮುಖ ನನಗೆ ತಿಳಿಯದೇನಲ್ಲ.

“ಮಾವಾ, ಗೋಡೆ ಹೇಗೆ ನಿಲ್ಲುತ್ತದೆಂದು ಕೇಳಿದರೆ ಹೇಳಬಲ್ಲೆ. ನೋಟೀಸು ಎಷ್ಟನೆಯ ದಿನ ಕಳಿಸಬೇಕೆಂದು ಕೇಳುತ್ತಾರೆ. ನಾನೇನು ವಕೀಲನೇ?” ಎಂದು ಆತ ಮೊದಲನೆಯ ದಿನವೇ ನನ್ನ ಮುಂದೆ ಗೊಣಗಿದ.

“ವಕೀಲನಲ್ಲ ತಮ್ಮಾ. ಆದರೆ ನೀನು ಕಟ್ಟುವುದು ಯಾರ ದುಡ್ಡಿನಿಂದ?” ಎಂದೆ. ಆತ ಉತ್ತರ ಕೊಡಲಿಲ್ಲ. ಆ ಸಂಜೆಯಿಂದ ಆರು ವಾರ ನಾವಿಬ್ಬರೂ ಊಟದ ಮೇಜಿನ ಮೇಲೆಯೇ ಪಾಠಶಾಲೆ ತೆರೆದೆವು.

ಮೊದಲು ಪರೀಕ್ಷೆಯ ಕಟ್ಟಳೆಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅರ್ಜಿದಾರನಿಗೆ 18 ವರ್ಷ ತುಂಬಿರಬೇಕು. ಹಿಂದಿನ 10 ವರ್ಷಗಳೊಳಗೆ ಕನಿಷ್ಠ 4 ವರ್ಷ, ಇನ್ನೊಬ್ಬರ ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಬಲ್ಲ ಕುಶಲಕರ್ಮಿಯಾಗಿಯೋ, ಮೇಸ್ತ್ರಿಯಾಗಿಯೋ, ಮೇಲ್ವಿಚಾರಕನಾಗಿಯೋ ದುಡಿದಿರಬೇಕು. ಅದನ್ನು ಕಣ್ಣಾರೆ ಕಂಡವರೊಬ್ಬರು ಸಹಿ ಮಾಡಿ ದೃಢೀಕರಿಸಬೇಕು. ಓದಿಗೂ ಬೆಲೆಯುಂಟು; ಆದರೆ ಎಷ್ಟೇ ಓದಿದ್ದರೂ ಅದರಿಂದ ಗರಿಷ್ಠ 3 ವರ್ಷ ಮಾತ್ರ ಕಳೆದುಕೊಂಡೀತು, ಉಳಿದ ಒಂದು ವರ್ಷವಾದರೂ ಕೈಕೆಸರು ಮಾಡಿಕೊಂಡದ್ದಾಗಿರಲೇಬೇಕು. ಬೆರಳಚ್ಚು ಕೊಡಬೇಕು. ಪರವಾನಗಿಗಳು ಹಲವು ವರ್ಗದವು: ರಸ್ತೆ, ಸೇತುವೆ, ಅಣೆಕಟ್ಟುಗಳಂಥ ಕಾಮಗಾರಿಗಳಿಗೆ ‘ಎ’, ಮನೆ ಮತ್ತು ಕಟ್ಟಡಗಳಿಗೆ ‘ಬಿ’, ನಲ್ಲಿ, ವಿದ್ಯುತ್ತು, ಬಣ್ಣ, ಛಾವಣಿ ಮುಂತಾದ ಬಿಡಿ ಕಸಬುಗಳಿಗೆ ‘ಸಿ’. ನಮ್ಮ ಹುಡುಗ ಕುಳಿತದ್ದು ‘ಬಿ’ ವರ್ಗಕ್ಕೆ. ಪ್ರಶ್ನೆಗಳೆಲ್ಲವೂ ಉತ್ತರವನ್ನು ಆರಿಸುವ ಮಾದರಿಯವು, ಗಣಕಯಂತ್ರದ ಮುಂದೆ ಕುಳಿತು ಬರೆಯತಕ್ಕವು. ಪುಸ್ತಕ ಒಯ್ಯುವಂತಿಲ್ಲ. ಫ್ಲಾರಿಡ ರಾಜ್ಯದ ಪರೀಕ್ಷೆಯಲ್ಲಿ ಗೊತ್ತುಪಡಿಸಿದ ಗ್ರಂಥಗಳನ್ನು ಹೊತ್ತುಕೊಂಡು ಹೋಗಿ ನೋಡಿ ಬರೆಯಬಹುದು. ಅಲ್ಲಿಯ ಅಭ್ಯಾಸವೆಂದರೆ ಬೇಕಾದ ಪುಟವನ್ನು ಬೇಗ ಹುಡುಕುವ ಅಭ್ಯಾಸ. ಕ್ಯಾಲಿಫೋರ್ನಿಯದಲ್ಲಿ ಹಾಗಲ್ಲ. ತಲೆಯಲ್ಲಿ ಇದ್ದುದಷ್ಟೇ ಆಧಾರ.

ಇನ್ನೊಂದು ವಿಶೇಷವನ್ನು ಅಧ್ಯಾಪಕ ಮಿತ್ರರಿಗಾಗಿ ಹೇಳಬೇಕು. ಅಲ್ಲಿ ಇಷ್ಟು ಶೇಕಡಾ ಬಂದರೆ ಪಾಸು ಎಂಬ ಸ್ಥಿರವಾದ ಗೆರೆ ಇಲ್ಲ. ಈಗಾಗಲೇ ಪರವಾನಗಿ ಪಡೆದು ಕಸಬಿನಲ್ಲಿರುವವರು ಒಂದೊಂದು ಪ್ರಶ್ನೆಯ ಕಾಠಿಣ್ಯವನ್ನೂ ತೂಗಿ, ಕನಿಷ್ಠ ಯೋಗ್ಯತೆಯುಳ್ಳವನು ಎಷ್ಟಕ್ಕೆ ಉತ್ತರಿಸಿಯಾನೆಂದು ನಿರ್ಣಯಿಸಿ ಗೆರೆ ಎಳೆಯುತ್ತಾರೆ. ತೇರ್ಗಡೆಯಾದವನಿಗೆ ಅಂಕಗಳನ್ನು ತಿಳಿಸುವುದೇ ಇಲ್ಲ. ನಪಾಸಾದವನಿಗೆ ಮಾತ್ರ ಯಾವ ಯಾವ ಭಾಗದಲ್ಲಿ ದುರ್ಬಲನೆಂದು ಬರೆದ ಕಾಗದವನ್ನು ಕೊಡುತ್ತಾರೆ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂದು ಜೀವನವಿಡೀ ಎಣಿಸಿದ ನನಗೆ ಇದು ಮೊದಲಿಗೆ ವಿಚಿತ್ರವಾಗಿ ಕಂಡಿತು. ಅನಂತರ, ಅಂಕಪಟ್ಟಿ ಬೇಕಾದವನು ಕಲಿಯಬೇಕಾದವನಲ್ಲವೇ ಎಂದು ಸಮಾಧಾನವಾಯಿತು.

ಆ ಕಾಗದದಲ್ಲಿ ನಮ್ಮ ಹುಡುಗನ ದೌರ್ಬಲ್ಯಗಳು ಸ್ಪಷ್ಟವಾಗಿದ್ದವು: ಕರಾರು, ವಿಮೆ ಮತ್ತು ಲೀನ್, ಹಣಕಾಸು. ಆತ ಆವರೆಗೆ ಮಾಡಿದ್ದುದು ಅಂಗಡಿಯಲ್ಲಿ ಸಿಗುವ ಪ್ರಶ್ನೋತ್ತರ ಮಾಲೆಗಳನ್ನು ಉರುಹೊಡೆದದ್ದು. ನಾನೂ ಮೊದಲ ವಾರ ಅದೇ ತಪ್ಪನ್ನು ಮಾಡಿದೆ. ದಿನಗಳ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಯಿಪಾಠ ಒಪ್ಪಿಸು ಎಂದೆ. ಇಪ್ಪತ್ತು, ಮೂವತ್ತು, ಅರವತ್ತು, ತೊಂಬತ್ತು ಎಂದು ಮಗ್ಗಿಯಂತೆ ಹೇಳುತ್ತಿದ್ದ. ಯಾವುದು ಯಾತಕ್ಕೆಂದು ಕೇಳಿದರೆ ಕಲಸಿಬಿಡುತ್ತಿದ್ದ. ಆಗ ಪದ್ಧತಿಯನ್ನು ಬದಲಿಸಿದೆ. ಪಕ್ಕದ ಮನೆಯ ವೃದ್ಧೆಯೊಬ್ಬಳು ತನ್ನ ಮನೆಗೆ ಒಂದು ಕೋಣೆ ಸೇರಿಸಬೇಕೆನ್ನುತ್ತಾಳೆ, ಕೆಲಸದ ಬೆಲೆ 60,000 ಡಾಲರು ಎಂದು ಕಲ್ಪಿಸಿಕೊಂಡೆವು. ಆಕೆ ಫೋನು ಮಾಡಿದ ಗಳಿಗೆಯಿಂದ ಕೊನೆಯ ಕಂತು ಕೈಸೇರುವವರೆಗೆ ಆಗುವುದೆಲ್ಲವನ್ನೂ ದಿನದಿನವೂ ನಡೆಸಿಕೊಂಡು ಹೋಗುವುದು. ಎಲ್ಲಿ ಯಾವ ಕಟ್ಟಳೆ ಎದುರಾಗುತ್ತದೆಯೋ ಅಲ್ಲಿ ನಿಂತು ಅದನ್ನು ಓದುವುದು. ಈ ಕಲ್ಪಿತ ಕೋಣೆಯೇ ನಮ್ಮ ಪಠ್ಯಪುಸ್ತಕವಾಯಿತು.

ಮೊದಲನೆಯ ಪ್ರಶ್ನೆ: ಪರವಾನಗಿ ಇಲ್ಲದೆ ಈ ಕೆಲಸ ಹಿಡಿದರೆ ಏನಾಗುತ್ತದೆ? ಬಹುಕಾಲ 500 ಡಾಲರಿಗೆ ಕಡಿಮೆಯಾದ ಸಣ್ಣ ಕೆಲಸಗಳಿಗೆ ಮಾತ್ರ ವಿನಾಯಿತಿ ಇತ್ತು. 2025ರ ಜನವರಿ 1ರಿಂದ ಆ ಮಿತಿ 1,000 ಡಾಲರಿಗೆ ಏರಿದೆ. ಅದನ್ನು ಮೀರಿದ ಕೆಲಸವನ್ನು ಪರವಾನಗಿ ಇಲ್ಲದವನು ಮಾಡಿದರೆ ದಂಡ ಒಂದು ಕಡೆ ಇರಲಿ, ತನ್ನ ಕೂಲಿಯನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವ ಹಕ್ಕನ್ನೇ ಆತ ಕಳೆದುಕೊಳ್ಳುತ್ತಾನೆ. ಅಷ್ಟೇ ಅಲ್ಲ, ಮಾಲೀಕನು ಕೊಟ್ಟ ಹಣವನ್ನೂ ಹಿಂದಕ್ಕೆ ಕೇಳಬಹುದು, ಕೆಲಸ ಎಷ್ಟೇ ಚೆನ್ನಾಗಿ ಆಗಿರಲಿ. 1991ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಒಂದು ಮೊಕದ್ದಮೆಯನ್ನು ನಾವು ಬಿಡಿಸಿ ಓದಿದೆವು. ನ್ಯೂಯಾರ್ಕಿನ ಒಂದು ಸಂಸ್ಥೆ ಪಾಮ್ ಸ್ಪ್ರಿಂಗ್ಸ್ ಪಟ್ಟಣದ ಜಲವಿಹಾರವೊಂದರಲ್ಲಿ ಕೃತಕ ಅಲೆಗಳೇಳುವ ಕೊಳವನ್ನು ಮಾಡಿಕೊಟ್ಟಿತ್ತು. ತನಗೆ ಪರವಾನಗಿ ಇಲ್ಲವೆಂದು ಅದು ಹಿಂಜರಿದರೂ ಮಾಲೀಕರೇ ಒತ್ತಾಯಿಸಿ, ಹಣ ಕೊಡುವ ಮಾತಿತ್ತು ಮಾಡಿಸಿಕೊಂಡರೆಂಬುದು ಆ ಸಂಸ್ಥೆಯ ವಾದ. ಹಾಗೆ ಮೋಸದಿಂದ ಮಾತು ಕೊಟ್ಟದ್ದು ನಿಜವೆಂದೇ ಇಟ್ಟುಕೊಂಡರೂ ಪರವಾನಗಿ ಇಲ್ಲದವನಿಗೆ ಹಣ ಸಿಕ್ಕುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಇದು ಕಠೋರವೆಂದು ನನಗೆ ಈಗಲೂ ಅನಿಸುತ್ತದೆ. ಕೆಲಸ ಮಾಡಿದವನ ಬೆವರಿಗೆ ಬೆಲೆ ಇಲ್ಲವೆನ್ನುವುದು ಸುಲಭದ ಮಾತಲ್ಲ. ಆದರೆ ಆ ಕಾಯಿದೆ ನೋಡುತ್ತಿರುವುದು ಒಬ್ಬ ಕೆಲಸಗಾರನನ್ನಲ್ಲ, ಮುಂದೆ ಮೋಸಹೋಗಬಹುದಾದ ನೂರಾರು ಮನೆಯೊಡೆಯರನ್ನು. ಆ ಸಂಜೆ ನಮ್ಮ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಪರಿಚಯದವರೊಬ್ಬರು ಈ ನಡುವೆ ಸಣ್ಣದೊಂದು ಕೆಲಸವನ್ನು ಕಾಗದಪತ್ರವಿಲ್ಲದೆ ಮಾಡಿಕೊಡೆಂದು ಕೇಳಿದ್ದರಂತೆ. ಮರುದಿನ ಅವರಿಗೆ ಆಗದೆಂದು ಹೇಳಿಬಂದ.

ಎರಡನೆಯದು ಕರಾರು ಮತ್ತು ಇಸಾರ. ಮನೆಯ ದುರಸ್ತಿ ಅಥವಾ ವಿಸ್ತರಣೆಯ ಕರಾರು ಬರೆಹದಲ್ಲಿರಬೇಕು. ಅದರಲ್ಲಿ ಇರಬೇಕಾದ ಎಚ್ಚರಿಕೆಯ ಮಾತುಗಳನ್ನು ಕಾಯಿದೆಯೇ ಗೊತ್ತುಪಡಿಸಿದೆ, ಅಕ್ಷರದ ಗಾತ್ರವನ್ನೂ ಬಿಟ್ಟಿಲ್ಲ. ಮುಂಗಡವಾಗಿ ಪಡೆಯಬಹುದಾದದ್ದು ಸಾಮಾನ್ಯವಾಗಿ ಬೆಲೆಯ ಶೇಕಡಾ 10 ಅಥವಾ 1,000 ಡಾಲರು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಈ ‘ಯಾವುದು ಕಡಿಮೆಯೋ’ ಎಂಬಲ್ಲಿಯೇ ಪರೀಕ್ಷಾರ್ಥಿ ಜಾರುವುದು. ಬೆಲೆ 6,000 ಡಾಲರಾದರೆ ಮುಂಗಡ 600. ನಮ್ಮ 60,000 ಡಾಲರಿನ ಕೋಣೆಗೆ ಮುಂಗಡ 6,000 ಅಲ್ಲ, ಬರಿಯ 1,000. ಅನಂತರದ ಕಂತುಗಳೂ ಆಗಿರುವ ಕೆಲಸದ ಬೆಲೆಯನ್ನು ಮೀರುವಂತಿಲ್ಲ. ಸಹಿ ಮಾಡಿದ ಮೇಲೂ ಮನೆಯೊಡೆಯನಿಗೆ ಮೂರು ವ್ಯವಹಾರದ ದಿನಗಳೊಳಗೆ ಕರಾರನ್ನು ರದ್ದುಮಾಡುವ ಹಕ್ಕುಂಟು. 65 ವರ್ಷ ದಾಟಿದವರಿಗೆ 2021ರಿಂದ ಐದು ದಿನ. ನಮ್ಮ ಕಡೆ ಅಡಿಗಲ್ಲಿಡುವ ಮುನ್ನವೇ ಅರ್ಧ ಹಣವನ್ನು ಕೊಟ್ಟು, ಆಮೇಲೆ ಮೇಸ್ತ್ರಿಯ ಮನೆಯ ಬಾಗಿಲು ಕಾಯ್ದವರನ್ನು ಕಂಡ ನನಗೆ ಈ ಕಟ್ಟಳೆ ತುಂಬ ಹಿಡಿಸಿತು. ಕಂತ್ರಾಟುದಾರನ ದೃಷ್ಟಿಯಿಂದ ನೋಡಿದರೆ ಅದರ ಅರ್ಥ ಬೇರೆ: ಸಾಮಾನನ್ನೂ ಮೊದಲ ವಾರದ ಕೂಲಿಯನ್ನೂ ತನ್ನ ಕೈಯಿಂದ ಹಾಕಬೇಕು. ಆದ್ದರಿಂದಲೇ ಹಣಕಾಸಿನ ಪ್ರಶ್ನೆಗಳು ಆ ಪತ್ರಿಕೆಯಲ್ಲಿರುವುದು.

ಹಣಕಾಸಿನಲ್ಲಿ ಎಲ್ಲರನ್ನೂ ಬೀಳಿಸುವ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಹಳೆಯ ವಿದ್ಯಾರ್ಥಿ ಕಂತ್ರಾಟುದಾರರೂ ಮನಸ್ಸಿನಲ್ಲೇ ಮಾಡಿ ನೋಡಬಹುದು. ಕೆಲಸದ ಖರ್ಚು 80,000. ಬೆಲೆಯಲ್ಲಿ ಶೇಕಡಾ 20ರಷ್ಟು ಉಳಿಯಬೇಕು. ಬೆಲೆ ಎಷ್ಟು ಹೇಳಬೇಕು? ಹತ್ತರಲ್ಲಿ ಎಂಟು ಮಂದಿ 80,000ಕ್ಕೆ ಶೇಕಡಾ 20 ಕೂಡಿಸಿ 96,000 ಎನ್ನುತ್ತಾರೆ. ಆದರೆ 96,000ದಲ್ಲಿ ಉಳಿಯುವ 16,000 ಶೇಕಡಾ 16.67 ಮಾತ್ರ. ಖರ್ಚು ಬೆಲೆಯ ಶೇಕಡಾ 80 ಆಗಬೇಕಾದುದರಿಂದ 80,000ವನ್ನು 0.80ರಿಂದ ಭಾಗಿಸಬೇಕು, ಬೆಲೆ 1,00,000. ಈ 4,000ದ ವ್ಯತ್ಯಾಸ ಒಂದು ಕೆಲಸದಲ್ಲಿ ಕಾಣುವುದಿಲ್ಲ. ವರ್ಷದಲ್ಲಿ ಹತ್ತು ಕೆಲಸ ಮಾಡಿದವನು ಕಚೇರಿಯ ಬಾಡಿಗೆ, ವಿಮೆ, ವಾಹನದ ಖರ್ಚುಗಳನ್ನು ಯಾವುದರಿಂದ ಕೊಡಬೇಕೆಂದು ತಿಳಿಯದೆ, ಎರಡನೆಯ ಗಿರಾಕಿಯ ಮುಂಗಡವನ್ನು ಮೊದಲನೆಯವನ ಕೆಲಸಕ್ಕೆ ಸುರಿಯುತ್ತಾನೆ. ಅಪ್ರಾಮಾಣಿಕನಾಗಿ ಹೊರಟವನಲ್ಲ ಆತ. ಭಾಗಾಕಾರ ತಪ್ಪಿದವನು. ಒಬ್ಬರ ಕೆಲಸಕ್ಕೆಂದು ಪಡೆದ ಹಣವನ್ನು ಬೇರೆಡೆಗೆ ತಿರುಗಿಸುವುದು ಆ ರಾಜ್ಯದಲ್ಲಿ ಪರವಾನಗಿಗೇ ಸಂಚಕಾರ ತರುವ ಅಪರಾಧ.

ಮೂರನೆಯದು ಲೀನ್ ಎಂಬ ಹಕ್ಕು. ನಮ್ಮ ಹುಡುಗ ಹೆದರಿದ್ದು ಇದಕ್ಕೇ. ಒಬ್ಬನ ಆಸ್ತಿಯಲ್ಲಿ ಕೆಲಸ ಮಾಡಿದ ಅಥವಾ ಅದಕ್ಕೆ ಸಾಮಾನು ಒದಗಿಸಿದವನಿಗೆ ಹಣ ಬರದಿದ್ದಲ್ಲಿ, ಆ ಆಸ್ತಿಯ ಮೇಲೆಯೇ ತನ್ನ ಬಾಕಿಯ ಭಾರವನ್ನು ದಾಖಲು ಮಾಡಿಸುವ ಹಕ್ಕು ಅದು. ಕ್ಯಾಲಿಫೋರ್ನಿಯದ 1879ರ ಸಂವಿಧಾನದಲ್ಲಿಯೇ ಅದಕ್ಕೆ ಸ್ಥಾನ ಕೊಟ್ಟಿದ್ದಾರೆ. ಇದರಲ್ಲಿ ಮನೆಯೊಡೆಯನಿಗೆ ಒಂದು ಅಪಾಯವಿದೆ. ಆತ ಕಂತ್ರಾಟುದಾರನಿಗೆ ಪೂರ್ತಿ ಹಣ ಕೊಟ್ಟಿದ್ದರೂ, ಕಂತ್ರಾಟುದಾರ ಕಟ್ಟಿಗೆಯ ಅಂಗಡಿಯವನಿಗೆ ಕೊಡದಿದ್ದರೆ, ಅಂಗಡಿಯವನು ಮನೆಯ ಮೇಲೆ ಲೀನ್ ಹಾಕಬಹುದು; ಮನೆಯೊಡೆಯ ಎರಡು ಸಲ ಕೊಡಬೇಕಾದೀತು. ಆದಕಾರಣ ಅಂಗಡಿಯವನೂ ಉಪಕಂತ್ರಾಟುದಾರನೂ ತಾವು ಈ ಕೆಲಸದಲ್ಲಿದ್ದೇವೆಂದು ಮನೆಯೊಡೆಯನಿಗೆ, ಸಾಮಾನು ಅಥವಾ ಕೆಲಸ ಒದಗಿಸಲು ಆರಂಭಿಸಿದ 20 ದಿನಗಳೊಳಗೆ ಪೂರ್ವಸೂಚನೆ ಕೊಡಬೇಕು. ತಡವಾಗಿ ಕೊಟ್ಟರೆ ಹಕ್ಕು ಪೂರ್ತಿ ಹೋಗುವುದಿಲ್ಲ. ಸೂಚನೆಗೆ ಹಿಂದಿನ 20 ದಿನಗಳಿಂದೀಚೆಗೆ ಒದಗಿಸಿದ್ದಕ್ಕೆ ಮಾತ್ರ ಉಳಿಯುತ್ತದೆ. ಮಾರ್ಚ್ 1ರಂದು ಕಟ್ಟಿಗೆ ಇಳಿಸಿದವನು ಏಪ್ರಿಲ್ 10ರಂದು ಸೂಚನೆ ಕೊಟ್ಟರೆ ಮಾರ್ಚ್ 21ರ ಹಿಂದಿನ ಕಟ್ಟಿಗೆಗೆ ಲೀನ್ ಇಲ್ಲ. ಕೆಲಸ ಮುಗಿದ ಮೇಲೆ ಮನೆಯೊಡೆಯನು ಮುಕ್ತಾಯದ ಪ್ರಕಟಣೆಯನ್ನು ದಾಖಲು ಮಾಡಿಸಿದರೆ ಮುಖ್ಯ ಕಂತ್ರಾಟುದಾರನಿಗೆ ಲೀನ್ ಹಾಕಲು 60 ದಿನ, ಉಳಿದವರಿಗೆ 30 ದಿನ. ಮಾಡಿಸದಿದ್ದರೆ ಎಲ್ಲರಿಗೂ ಮುಕ್ತಾಯದಿಂದ 90 ದಿನ. ಲೀನ್ ಹಾಕಿದವನು ಮತ್ತೆ 90 ದಿನಗಳೊಳಗೆ ದಾವೆ ಹೂಡಬೇಕು.

ಹೀಗೆ ಬರೆದರೆ ಇದು ಮತ್ತೆ ಮಗ್ಗಿಯಂತೆಯೇ ಕಾಣುತ್ತದೆ. ಆದರೆ ಕಟ್ಟಿಗೆಯ ಅಂಗಡಿಯವನು, ವೃದ್ಧೆ, ನಾನು ಎಂದು ಮೂರು ಪಾತ್ರಗಳನ್ನು ಹಂಚಿಕೊಂಡು ಮೇಜಿನ ಸುತ್ತ ಕುಳಿತಾಗ ಅದು ಕಥೆಯಾಯಿತು. ಅಕ್ಕ ವೃದ್ಧೆಯ ಪಾತ್ರ ವಹಿಸಿದಳು. “ನಾನು ನಿನಗೆ ಕೊಟ್ಟಾಗಿದೆ, ಅವನು ಯಾರು ನನ್ನನ್ನು ಕೇಳುವುದಕ್ಕೆ?” ಎಂದು ಆಕೆ ನಿಜವಾದ ಸಿಟ್ಟಿನಿಂದಲೇ ಕೇಳಿದಾಗ, ಬಾಕಿ ಸಂದಿದೆಯೆಂದು ಅಂಗಡಿಯವನಿಂದ ಬಿಡುಗಡೆ ಪತ್ರ ತಂದು ಆಕೆಯ ಕೈಗೆ ಕೊಡಬೇಕಾದದ್ದು ಯಾತಕ್ಕೆಂದು ಹುಡುಗನಿಗೆ ಹೊಳೆಯಿತು. ಆ ಬಿಡುಗಡೆ ಪತ್ರಗಳು ನಾಲ್ಕು ಬಗೆ: ನಡುವಿನ ಕಂತಿಗೆ ಮತ್ತು ಕೊನೆಯ ಕಂತಿಗೆ, ಒಂದೊಂದರಲ್ಲೂ ಚೆಕ್ಕು ನಗದಾದರೆ ಮಾತ್ರ ಊರ್ಜಿತವಾಗುವ ಷರತ್ತಿನದು ಮತ್ತು ಷರತ್ತಿಲ್ಲದ್ದು. ಇವನ್ನು ಆತ ಆಮೇಲೆ ಒಮ್ಮೆಯೂ ತಪ್ಪಿ ಹೇಳಲಿಲ್ಲ.

ಕೂಲಿಯ ವಿಷಯವನ್ನು ಬೇಗ ದಾಟಿದೆವು, ಏಕೆಂದರೆ ಅದು ಆತನಿಗೆ ಕೆಲಸದಿಂದಲೇ ತಿಳಿದಿತ್ತು. ದಿನಕ್ಕೆ 8 ತಾಸು ಮೀರಿದರೆ ಒಂದೂವರೆ ಪಟ್ಟು, 12 ತಾಸು ಮೀರಿದರೆ ಎರಡು ಪಟ್ಟು. 13 ತಾಸು ದುಡಿದವನಿಗೆ 16 ತಾಸಿನ ಕೂಲಿ.

ಸುರಕ್ಷತೆ ಮಾತ್ರ ಎರಡು ಪತ್ರಿಕೆಗಳಲ್ಲಿಯೂ ಬರುವ ವಿಷಯ, ಹಾಗೆ ಬರುವುದು ಸರಿಯೂ ಹೌದು. 5 ಅಡಿ ಅಥವಾ ಅದಕ್ಕಿಂತ ಆಳವಾದ ಕಂದಕದಲ್ಲಿ ಮನುಷ್ಯ ಇಳಿಯಬೇಕಾದರೆ ರಾಜ್ಯದ ಸುರಕ್ಷತಾ ವಿಭಾಗದ ಅನುಮತಿ ಬೇಕು, ಬದಿಗಳು ಕುಸಿಯದಂತೆ ಆಧಾರ ಕೊಡಬೇಕು ಇಲ್ಲವೆ ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 2 ಅಡಿ ದೂರ ಹಾಕಬೇಕು. 4 ಅಡಿಗೆ ಇಳಿದ ಕಂದಕದಲ್ಲಿ ಒಳಗಿರುವವನು 25 ಅಡಿಗಿಂತ ಹೆಚ್ಚು ನಡೆಯದೆ ಏಣಿ ಸಿಗಬೇಕು. ಒಂದು ಘನ ಗಜ ಮಣ್ಣು 3,000 ಪೌಂಡಿನವರೆಗೆ, ಒಂದು ಮೋಟಾರು ಕಾರಿನಷ್ಟು, ತೂಗಬಲ್ಲದು. ಎದೆಯವರೆಗೆ ಹೂತವನೂ ಉಸಿರಾಡಲಾರ. ಒಳಚರಂಡಿ, ಪೈಪುಗಳಿಗಾಗಿ ಅಗೆದ ಕಂದಕಗಳಲ್ಲಿ ಕೂಲಿಯವರು ಮಣ್ಣಿನಡಿ ಸಿಕ್ಕಿದ ಸುದ್ದಿಗಳನ್ನು ನಮ್ಮ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆ ಸುದ್ದಿಗಳ ಹಿಂದೆ ಬಹುಮಟ್ಟಿಗೆ ಇಲ್ಲದ ಏಣಿ, ಅಂಚಿನಲ್ಲೇ ರಾಶಿ ಹಾಕಿದ ಮಣ್ಣು ಇರುತ್ತವೆ. ಬಿಸಿಲಿಗೂ ಕಟ್ಟಳೆಯುಂಟು. 2005ರಲ್ಲಿ ಜಾರಿಗೆ ಬಂದ ಆ ನಿಯಮದ ಈಗಿನ ರೂಪದಂತೆ, ಬಯಲಿನಲ್ಲಿ ದುಡಿಯುವ ಒಬ್ಬೊಬ್ಬನಿಗೂ ತಾಸಿಗೆ ಒಂದು ಕ್ವಾರ್ಟು, ಅಂದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ, ಕುಡಿಯುವ ನೀರು ಇರಬೇಕು; ಉಷ್ಣತೆ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನೆರಳು ಕಲ್ಪಿಸಬೇಕು. ಇದು ಸೆಲ್ಸಿಯಸ್ಸಿನಲ್ಲಿ ಸುಮಾರು 27. ನಮ್ಮ ರಾಯಚೂರಿನವರಿಗೆ ಚಳಿಗಾಲದ ಲೆಕ್ಕ!

ವೃತ್ತಿಯ ಪತ್ರಿಕೆಯಲ್ಲಿ ಆತ ಮೊದಲ ಸಲವೇ ಗೆದ್ದಿದ್ದನಾದರೂ, ನನ್ನ ಕುತೂಹಲಕ್ಕಾಗಿ ಅದನ್ನೂ ತಿರುವಿ ಹಾಕಿದೆವು. ಯೋಜನೆ ಮತ್ತು ಅಂದಾಜು, ಚೌಕಟ್ಟು, ನಲ್ಲಿ-ವಿದ್ಯುತ್ತಿನಂಥ ಮುಖ್ಯ ಕಸಬುಗಳು, ಗಿಲಾವು-ಬಣ್ಣದಂಥ ಮುಕ್ತಾಯದ ಕಸಬುಗಳು ಅದರಲ್ಲಿ ಬರುತ್ತವೆ. ಇಟ್ಟಿಗೆ, ಕಾಂಕ್ರೀಟುಗಳಲ್ಲಿ ಪಳಗಿದ ನಮ್ಮವರಿಗೆ ಅಲ್ಲಿಯ ಮನೆ ಒಂದು ಕಟ್ಟಿಗೆಯ ಪೆಟ್ಟಿಗೆಯಂತೆ ಕಾಣುತ್ತದೆ. 16 ಅಂಗುಲಕ್ಕೊಂದರಂತೆ ನಿಲ್ಲಿಸಿದ ಸ್ಟಡ್ ಎಂಬ ನಿಲುವು ಕಟ್ಟಿಗೆಗಳು, ಮೇಲೆ ಜಂತಿಗಳು, ಹೊರಮೈಗೆ ಹೊಡೆದ ಪ್ಲೈವುಡ್ಡು. ಕಟ್ಟಿಗೆಯ ಅಳತೆ ಬೋರ್ಡ್ ಫೂಟಿನಲ್ಲಿ, ಅಂದರೆ 144 ಘನ ಅಂಗುಲಕ್ಕೆ ಒಂದು. 2×4ರ 12 ಅಡಿ ಉದ್ದದ ಕಟ್ಟಿಗೆ 8 ಬೋರ್ಡ್ ಫೂಟು. ನಿಜಕ್ಕೂ ಅಳೆದು ನೋಡಿದರೆ ಆ ಕಟ್ಟಿಗೆ ಒಂದೂವರೆ ಅಂಗುಲಕ್ಕೆ ಮೂರೂವರೆ ಅಂಗುಲ ಮಾತ್ರ, ಹೆಸರಿನ ಅಳತೆಯೇ ಬೇರೆ! ಕಾಂಕ್ರೀಟು ಘನ ಗಜದಲ್ಲಿ, 27 ಘನ ಅಡಿಗೆ ಒಂದು. 24 ಅಡಿಗೆ 30 ಅಡಿಯ ನೆಲಕ್ಕೆ 4 ಅಂಗುಲ ದಪ್ಪ ಹಾಕಿದರೆ 240 ಘನ ಅಡಿ, ಅಂದರೆ 8.89 ಘನ ಗಜ. ನಾನು ಅಭ್ಯಾಸಬಲದಿಂದ 2.4 ಬ್ರಾಸ್ ಎಂದೆ. ಮೊಮ್ಮಕ್ಕಳು ನಕ್ಕರು.

ಆದರೆ ಆ ಕಟ್ಟಿಗೆಯ ಪೆಟ್ಟಿಗೆಯನ್ನು ತಳಪಾಯಕ್ಕೆ ಬಿಗಿಯುವ ಬೋಲ್ಟುಗಳ ಪ್ರಶ್ನೆ ಬಂದಾಗ ನಗು ನಿಂತಿತು. ಸಾಮಾನ್ಯವಾಗಿ 6 ಅಡಿಗೆ ಮೀರದ ಅಂತರದಲ್ಲಿ, ಕಾಂಕ್ರೀಟಿನೊಳಗೆ ಕನಿಷ್ಠ 7 ಅಂಗುಲ ಹುಗಿದು ಅವನ್ನು ಕೂರಿಸಬೇಕು. ಭೂಮಿ ನಡುಗಿದಾಗ ಮನೆ ತನ್ನ ತಳಪಾಯದಿಂದ ಜಾರದಿರುವುದು ಇವುಗಳಿಂದ. 1933ರ ಮಾರ್ಚ್ 10ರ ಸಂಜೆ ಲಾಂಗ್ ಬೀಚ್ ಪ್ರದೇಶದಲ್ಲಿ ಭೂಕಂಪವಾದಾಗ, ಬಲಪಡಿಸದ ಇಟ್ಟಿಗೆಯ ಗೋಡೆಗಳಿಂದ ಕಟ್ಟಿದ್ದ ಹಲವಾರು ಶಾಲೆಗಳು ನೆಲಕ್ಕುರುಳಿದವು. ಶಾಲೆ ಬಿಟ್ಟು ಮಕ್ಕಳು ಮನೆ ಸೇರಿದ್ದ ಹೊತ್ತು ಅದು. ಕೆಲವು ತಾಸು ಮುಂಚೆ ಆಗಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿದ ಆ ರಾಜ್ಯದ ವಿಧಾನ ಮಂಡಲ ಒಂದೇ ತಿಂಗಳೊಳಗೆ, ಸಾರ್ವಜನಿಕ ಶಾಲಾ ಕಟ್ಟಡಗಳ ನಕ್ಷೆ ಮತ್ತು ನಿರ್ಮಾಣಗಳೆರಡನ್ನೂ ರಾಜ್ಯವೇ ತಪಾಸಣೆ ಮಾಡತಕ್ಕ ಫೀಲ್ಡ್ ಶಾಸನವನ್ನು ಅಂಗೀಕರಿಸಿತು. ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ಸಂಗತಿಯನ್ನು ಬರೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ನಮ್ಮ ನಾಡಿನ ಸ್ಥಿತಿಯನ್ನು ಒಂದೆರಡು ಮಾತುಗಳಲ್ಲಿ ಹೋಲಿಸಬಹುದು. ಕರ್ನಾಟಕದಲ್ಲಿ ಲೋಕೋಪಯೋಗಿ ಇಲಾಖೆಯ ಕೆಲಸ ಹಿಡಿಯುವವನು ದರ್ಜೆಗಳಿಗನುಸಾರವಾಗಿ ನೋಂದಣಿ ಮಾಡಿಸಿಕೊಳ್ಳುತ್ತಾನೆ. ಅಲ್ಲಿ ನೋಡುವುದು ಹಣದ ಬಲ ಮತ್ತು ಹಿಂದೆ ಮಾಡಿದ ಕೆಲಸ, ಲಿಖಿತ ಪರೀಕ್ಷೆಯಿಲ್ಲ. ಖಾಸಗಿಯಾಗಿ ಮನೆ ಕಟ್ಟಿಕೊಡುವ ಮೇಸ್ತ್ರಿಗಂತೂ ಯಾವುದೂ ಇಲ್ಲ. ವಿದ್ಯುತ್ ಕಂತ್ರಾಟುದಾರನಿಗೆ ಪರವಾನಗಿ ಬೇಕು, ಆ ಮನೆಯ ಗೋಡೆ ಎಬ್ಬಿಸುವವನಿಗೆ ಬೇಡ! 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ದೊಡ್ಡ ಯೋಜನೆಗಳ ಪ್ರವರ್ತಕರು ಗಿರಾಕಿಗಳಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿಡಬೇಕೆಂದು ವಿಧಿಸಿರುವುದು ಒಳ್ಳೆಯ ಹೆಜ್ಜೆ. ಆದರೆ ತನ್ನ ನಿವೇಶನದಲ್ಲಿ ಒಂಟಿ ಮನೆ ಕಟ್ಟಿಸುವ ಶಾಲಾ ಮಾಸ್ತರನಿಗೆ ಅದರಿಂದ ರಕ್ಷಣೆಯಿಲ್ಲ. ಪರೀಕ್ಷೆಯೊಂದರಿಂದ ಎಲ್ಲವೂ ಸರಿಹೋದೀತೆಂದು ನಾನು ಹೇಳುವುದಿಲ್ಲ. ಅಕ್ಷರ ಬಾರದ, ಆದರೆ ಕೈಯಲ್ಲಿ ಅಪಾರ ಕೌಶಲವುಳ್ಳ ನಮ್ಮ ಗೌಂಡಿಗಳನ್ನು ಒಂದು ಪ್ರಶ್ನೆಪತ್ರಿಕೆ ಹೊರಗೆ ನಿಲ್ಲಿಸಿದರೆ ಅದು ಅನ್ಯಾಯವೇ ಆದೀತು. ಪಾಲಿಟೆಕ್ನಿಕ್ಕುಗಳಲ್ಲಿ ಮಾತ್ರ, ಕರಾರು ಮತ್ತು ಲೆಕ್ಕಪತ್ರವನ್ನು ಕೊನೆಯ ವಾರದಲ್ಲಿ ಮುಗಿಸುವ ಪಾಠವೆಂದು ನಾವು ಅಧ್ಯಾಪಕರೇ ಭಾವಿಸಿದ್ದೆವಲ್ಲ, ಅದು ತಪ್ಪು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ನನ್ನಂಥವನ ಕೈಯಲ್ಲಿ ಕಲಿತದ್ದರಿಂದಲೇ ನಮ್ಮ ಹುಡುಗ ಆ ಪತ್ರಿಕೆಯನ್ನು ಹಗುರವಾಗಿ ಎಣಿಸಿದ್ದು.

ಏಳನೆಯ ವಾರದಲ್ಲಿ ಆತ ಮತ್ತೊಮ್ಮೆ ಪರೀಕ್ಷೆಗೆ ಕುಳಿತ. ಒಮ್ಮೆ ಗೆದ್ದ ಪತ್ರಿಕೆಯನ್ನು ಮತ್ತೆ ಬರೆಯಬೇಕಾಗಿರಲಿಲ್ಲ. ಹೊರಗೆ ಮೋಟಾರಿನಲ್ಲಿ ಕಾಯುತ್ತಿದ್ದ ಅಕ್ಕನ ಕೈಗೆ ಆತ ತಂದಿತ್ತ ಕಾಗದದಲ್ಲಿ ಅಂಕಗಳಿರಲಿಲ್ಲ. ಅದರಿಂದಲೇ ಫಲ ತಿಳಿಯಿತು. ಆಮೇಲೆ ಅಸ್ಬೆಸ್ಟಾಸ್ ಎಂಬ ನಾರಿನ ಅಪಾಯವನ್ನು ಕುರಿತು, ಪುಸ್ತಕ ನೋಡಿಯೇ ಉತ್ತರಿಸಬಹುದಾದ ಕಿರುಪರೀಕ್ಷೆಯೊಂದನ್ನು ಮುಗಿಸಬೇಕಾಯಿತು. 2023ರಿಂದ 25,000 ಡಾಲರಿಗೆ ಏರಿರುವ ಜಾಮೀನು ಪತ್ರವನ್ನು ಜಾಮೀನು ಕಂಪನಿಯೊಂದರಿಂದ ಪಡೆದು ಸಲ್ಲಿಸಿದ. ಕಂತ್ರಾಟುದಾರ ಕಾಯಿದೆ ಮೀರಿ ಹಾನಿ ಮಾಡಿದರೆ ಮನೆಯೊಡೆಯನು ಪರಿಹಾರ ಕೇಳಬಹುದಾದ ಹಣ ಅದು. ಪರವಾನಗಿಯ ಸಂಖ್ಯೆ ಬಂದ ದಿನ ಸೊಸೆ ಹೋಳಿಗೆ ಮಾಡಿದಳು.

ಮೊದಲನೆಯ ಕೆಲಸ ಸಿಕ್ಕಿದ್ದು, ಕಾಕತಾಳೀಯವೆಂಬಂತೆ, ಎಪ್ಪತ್ತು ದಾಟಿದ ಒಬ್ಬ ವಿಧವೆಯದು: ಅಡುಗೆಮನೆಯ ವಿಸ್ತರಣೆ. ಕರಾರಿಗೆ ಸಹಿ ಮಾಡಿದೊಡನೆ ಆಕೆ 5,000 ಡಾಲರಿನ ಚೆಕ್ಕು ಬರೆಯಹೊರಟಳಂತೆ. ಆತ 1,000ಕ್ಕೆ ಮಾತ್ರ ಬರೆಯಿಸಿಕೊಂಡ; ರದ್ದುಮಾಡುವ ಹಕ್ಕಿನ ನಮೂನೆಯ ಎರಡು ಪ್ರತಿಗಳನ್ನು ಆಕೆಯ ಮುಂದಿಟ್ಟು, ಐದು ದಿನ ಯಾವ ಕೆಲಸವನ್ನೂ ಆರಂಭಿಸುವುದಿಲ್ಲವೆಂದು ತಿಳಿಸಿದ. ಆ ಐದು ದಿನವೂ ಆತನಿಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಆರನೆಯ ದಿನ ಮುಂಜಾನೆ ಏಳು ಗಂಟೆಗೆ ಕಟ್ಟಿಗೆಯ ಲಾರಿ ಆ ಮನೆಯ ಮುಂದೆ ನಿಂತಿತು.